ಮೂಕವಾದ ಕೀಲಿಮಣೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಹಟ್ಟಿಯಲ್ಲಿ ಹುಟ್ಟಿದುದಾದರೂ ಕಂಪ್ಯೂಟರಿನ ಮೇಜಿಗೂ ಚೆನ್ನಾಗಿ ಒಪ್ಪುತ್ತದೆ. ಉದ್ಯೋಗದ ಅರ್ಜಿಯೊಂದನ್ನು ಕಳುಹಿಸಲು ಅಂದೇ ಕಡೆಯ ದಿನ. ಹೆಸರು, ವಿಳಾಸ, ವಿದ್ಯಾರ್ಹತೆಗಳೆಲ್ಲವೂ ತುಂಬಿ ಮುಗಿಯುತ್ತಿರುವಾಗ ತಂತಿಯಿಲ್ಲದ ಕೀಲಿಮಣೆಯು ಹಠಾತ್ತನೆ ಮೌನ ತಾಳುವುದು. ಆಗ ಮನೆಯಲ್ಲಿ ಒಬ್ಬರು ಅದನ್ನು ತಟ್ಟುವರು, ಮತ್ತೊಬ್ಬರು ಕುಟ್ಟುವರು, ಮೂರನೆಯವರು ಹೊಸದನ್ನು ತರಲು ಅಂಗಡಿಗೆ ಓಡುವರು. ಹೊಸದೂ ಅದೇ ಮೇಜಿನ ಮೇಲೆ ಅದೇ ಬಗೆಯ ಹಠ ಹಿಡಿದಾಗಲೇ, ಜ್ವರ ಬಂದದ್ದು ಬೇರೆಡೆಗೆ ಎಂಬ ಅರಿವು ಮೂಡುವುದು. ಅಷ್ಟರಲ್ಲಿ ಹಣವೂ ಹೋಗಿರುತ್ತದೆ, ಹೊತ್ತೂ ಹೋಗಿರುತ್ತದೆ.

ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ಯಾರೂ ಮೆಚ್ಚರು. ಯಂತ್ರದ ವಿಷಯದಲ್ಲಿಯೂ ಅಷ್ಟೆ. ಬೆರಳು ಒತ್ತಿದ ಅಕ್ಷರವು ಪರದೆಯ ಮೇಲೆ ಮೂಡುವ ಮುನ್ನ ನಾಲ್ಕು ಕೈಗಳನ್ನು ದಾಟಿ ಬರಬೇಕು. ಕೀಲಿಯ ಅಡಿಯಲ್ಲಿರುವ ವಿದ್ಯುತ್ ಸಂಪರ್ಕವು ಮೊದಲನೆಯದು. ಆ ಸಂಕೇತವನ್ನು ರೇಡಿಯೋ ಅಲೆಯನ್ನಾಗಿ ಮಾಡಿ ಕಳುಹಿಸುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಚಿಪ್ಪು ಎರಡನೆಯದು. ಯುಎಸ್‌ಬಿ ಕಿಂಡಿಯಲ್ಲಿ ಕುಳಿತು ಆ ಅಲೆಯನ್ನು ಹಿಡಿಯುವ ಬೆರಳಗುರಿನಷ್ಟಗಲದ ರಿಸೀವರ್ ಮೂರನೆಯದು. ಬಂದುದನ್ನು ಅಕ್ಷರವೆಂದು ಓದಿಕೊಳ್ಳುವ ಕಂಪ್ಯೂಟರು ನಾಲ್ಕನೆಯದು. ಈ ನಾಲ್ವರಲ್ಲಿ ತಪ್ಪಿತಸ್ಥರು ಯಾರೆಂಬುದನ್ನು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆಯೇ.

ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಅನೇಕ ಮನೆಗಳಲ್ಲಿ ಕೀಲಿಮಣೆಗೂ ಮೌಸಿಗೂ ಒಂದೇ ರಿಸೀವರ್ ಇರುತ್ತದೆ. ಮೌಸ್ ಎಂದಿನಂತೆ ಓಡಾಡುತ್ತಿದ್ದರೆ ರಿಸೀವರು, ಕಿಂಡಿ ಎರಡೂ ಬಹುಮಟ್ಟಿಗೆ ನಿರಪರಾಧಿಗಳು. ದೋಷವನ್ನು ಕೀಲಿಮಣೆಯಲ್ಲಿಯೇ ಹುಡುಕಬೇಕು. ಎರಡೂ ಒಟ್ಟಿಗೆ ಮಲಗಿದ್ದರೆ ರಿಸೀವರನ್ನು ಕಿತ್ತು ಬೇರೊಂದು ಕಿಂಡಿಗೆ ಹಾಕಿ ನೋಡಬೇಕು. ಪರದೆಯ ಮೇಲಿನ ಗಡಿಯಾರವೂ ನಿಂತುಹೋಗಿದ್ದರೆ ಕಂಪ್ಯೂಟರೇ ಸ್ತಬ್ಧವಾಗಿದೆಯೆಂದು ತಿಳಿಯಬೇಕು. ಆಗ ಕೀಲಿಮಣೆಯನ್ನು ಬೈಯುವುದು ವೃಥಾ ಶ್ರಮ.

ಬ್ಯಾಟರಿಯು ಸಾಯುವಾಗ ದೀಪದಂತೆ ಒಮ್ಮೆಲೇ ಆರುವುದಿಲ್ಲ. ಹೊಸ ಆಲ್ಕಲೈನ್ ಕೋಶವು ಸುಮಾರು 1.5 ವೋಲ್ಟಿನಿಂದ ಆರಂಭಿಸಿ ದಿನೇ ದಿನೇ ಕುಗ್ಗುತ್ತ ಹೋಗುತ್ತದೆ. ಆದುದರಿಂದಲೇ ಅಂತ್ಯಕಾಲವು ಸಮೀಪಿಸಿದಾಗ ಕೆಲವು ಅಕ್ಷರಗಳು ಬಿಟ್ಟುಹೋಗುವುವು; ಹತ್ತಿರವಿದ್ದರೆ ನಡೆಯುವ ಕೀಲಿಮಣೆ ಒಂದು ಮೊಳ ದೂರ ಸರಿದೊಡನೆ ನಿಲ್ಲುವುದು. ಕೋಶಗಳನ್ನು ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಲ್ಲದೆ ಹಳೆಯದೊಂದಕ್ಕೆ ಹೊಸದೊಂದನ್ನು ಜೋಡಿಸಬಾರದು. ತಳಭಾಗದಲ್ಲಿರುವ ಪುಟ್ಟ ಸ್ವಿಚ್ಚು ಚಾಲನೆಯಲ್ಲಿದೆಯೇ ಎಂದು ನೋಡುವುದನ್ನು ಮರೆಯಲಾಗದು. ಧೂಳು ಒರೆಸುವ ಬಟ್ಟೆಯೇ ಎಷ್ಟೋ ವೇಳೆ ಅದನ್ನು ಸರಿಸಿರುತ್ತದೆ. ಕೋಶಗಳ ತುದಿಯಲ್ಲಿ ಸುಣ್ಣದಂಥ ಬಿಳಿಯ ಪುಡಿ ಕಂಡರೆ ಅದು ಸೋರಿದ ಕ್ಷಾರ. ಬರಿಗೈಯಲ್ಲಿ ಮುಟ್ಟದೆ, ಹತ್ತಿಗೆ ಒಂದಿಷ್ಟು ನಿಂಬೆಯ ರಸವನ್ನೋ ವಿನಿಗರನ್ನೋ ತಾಕಿಸಿ ಲೋಹದ ಪಟ್ಟಿಯನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಕೋಶಗಳನ್ನಿಡಬೇಕು.

ಬ್ಯಾಟರಿ ಹೊಸದಾಗಿದ್ದೂ ಅಕ್ಷರಗಳು ನುಂಗಿಹೋಗುತ್ತಿದ್ದರೆ ಗಾಳಿಯಲ್ಲಿನ ಗದ್ದಲವನ್ನು ಶಂಕಿಸಬೇಕು. ಈ ಕೀಲಿಮಣೆಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತನಾಡುತ್ತವೆ. ಅದೇ ಬೀದಿಯಲ್ಲಿ ವೈಫೈ ಇದೆ, ಬ್ಲೂಟೂತ್ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೆ. ಇವೆಲ್ಲಕ್ಕಿಂತ ಸಮೀಪದ ಶತ್ರು ಕಂಪ್ಯೂಟರಿನ ಬೆನ್ನಿನಲ್ಲಿಯೇ ಅಡಗಿರುವುದುಂಟು. ಯುಎಸ್‌ಬಿ 3.0 ಕಿಂಡಿಯಲ್ಲಿ ಮಾಹಿತಿಯು ವೇಗವಾಗಿ ಹರಿಯುವಾಗ ಏಳುವ ವಿದ್ಯುತ್ ಸದ್ದು ಇದೇ ಪಟ್ಟಿಯನ್ನು ಕೆಡಿಸುವುದೆಂದು ಇಂಟೆಲ್ ಸಂಸ್ಥೆಯು 2012ರಲ್ಲಿಯೇ ವಿವರವಾಗಿ ಪ್ರಕಟಿಸಿತು. ಹೊರಗಿನ ಹಾರ್ಡ್ ಡಿಸ್ಕನ್ನು ಪಕ್ಕದ ಕಿಂಡಿಗೆ ಸಿಕ್ಕಿಸಿದ ಕ್ಷಣದಿಂದ ಕೀಲಿಮಣೆ ತೊದಲತೊಡಗಿದರೆ ಕಾರಣವು ಇದೇ ಆಗಿರಬಹುದು. ಇನ್ನು ರಿಸೀವರು ಪೆಟ್ಟಿಗೆಯ ಹಿಂಬದಿಯಲ್ಲಿದ್ದರೆ ಲೋಹದ ಗೋಡೆಯೊಂದು ನಡುವೆ ಅಡ್ಡ ನಿಂತಂತಾಯಿತು. ಪರಿಹಾರವು ಸುಲಭ: ಒಂದು ಯುಎಸ್‌ಬಿ ವಿಸ್ತರಣಾ ತಂತಿಯನ್ನು ಕೊಂಡು, ರಿಸೀವರನ್ನು ಪೆಟ್ಟಿಗೆಯಿಂದ ದೂರ ತಂದು, ಕೀಲಿಮಣೆಯ ಕಣ್ಣೆದುರು ಮೇಜಿನ ಮೇಲೆ ಇರಿಸುವುದು.

ಬ್ಲೂಟೂತ್ ಬಗೆಯ ಕೀಲಿಮಣೆಯು ಗದ್ದಲದಿಂದ ಪಾರಾಗಲು ಒಂದು ಉಪಾಯವನ್ನು ಅನುಸರಿಸುತ್ತದೆ. ಬ್ಲೂಟೂತಿನ ಮೂಲ ಪದ್ಧತಿಯಲ್ಲಿ 79 ದಾರಿಗಳಿದ್ದು, ಮಾತು ಸೆಕೆಂಡಿಗೆ 1600 ಬಾರಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹೀಗೆ ಜಿಗಿದು ಶತ್ರುವಿನ ಅಡ್ಡಿಯನ್ನು ತಪ್ಪಿಸಿಕೊಳ್ಳುವ ಯೋಜನೆಯೊಂದಕ್ಕೆ 1942ರ ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಹಾಲಿವುಡ್ಡಿನ ತಾರೆ ಹೆಡಿ ಲಮಾರ್, ಮತ್ತೊಬ್ಬನು ಸಂಗೀತಕಾರ ಜಾರ್ಜ್ ಆಂಥೈಲ್. ಟಾರ್ಪಿಡೋ ನಡೆಸಲೆಂದು ಅವರು ಯೋಚಿಸಿದ್ದ ಯಂತ್ರದಲ್ಲಿ ದಾರಿಗಳು 88; ಪಿಯಾನೋ ವಾದ್ಯದ ಮನೆಗಳೂ ಅಷ್ಟೆ. ಇಷ್ಟೆಲ್ಲ ಜಾಣ್ಮೆಯಿದ್ದರೂ ಇಬ್ಬರ ಪರಿಚಯವು ಕೆಟ್ಟರೆ ಮಾತು ನಿಲ್ಲುತ್ತದೆ. ಆಗ ಮೌಸಿನ ಸಹಾಯದಿಂದ ಬ್ಲೂಟೂತ್ ಪಟ್ಟಿಯಲ್ಲಿನ ಹಳೆಯ ಹೆಸರನ್ನು ಅಳಿಸಿ, ಕೀಲಿಮಣೆಯ ಜೋಡಣೆಯ ಗುಂಡಿಯನ್ನೊತ್ತಿ ಹೊಸದಾಗಿ ಪರಿಚಯ ಮಾಡಿಸಬೇಕು.

ಮೌನವು ಒಂದು ಬಗೆಯ ರೋಗವಾದರೆ ತಪ್ಪು ನುಡಿಯುವುದು ಇನ್ನೊಂದು ಬಗೆ. ಒತ್ತಿದ್ದೊಂದು, ಮೂಡಿದ್ದೊಂದು ಎಂದಾಗ ರೇಡಿಯೋವನ್ನು ದೂರುವಂತಿಲ್ಲ; ಕಂಪ್ಯೂಟರು ಬೇರೊಂದು ಭಾಷೆಯ ವಿನ್ಯಾಸದಲ್ಲಿ ಓದುತ್ತಿರಬಹುದು. ವಿಂಡೋಸಿನಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯದ ಪ್ರಶ್ನೆ ಏಳುತ್ತದೆ. ಓದದೆ ಒಪ್ಪಿಗೆಯಿತ್ತವರ ಕೀಲಿಮಣೆಯು ಅಂದಿನಿಂದ ಕ್ಷಿಪ್ರವಾದ ಒತ್ತುಗಳನ್ನು ಲಕ್ಷಿಸದು.

ಕನ್ನಡ ಬೆರಳಚ್ಚುಗಾರರಿಗೆ ಇನ್ನೊಂದು ಸೂಕ್ಷ್ಮವಿದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸದಲ್ಲಿ ಒತ್ತಕ್ಷರವನ್ನು ಮೂಡಿಸುವುದು ಇಂಗ್ಲಿಷಿನ ಎಫ್ ಕೀಲಿ. ಅದೊಂದು ಕೆಟ್ಟಿತೆಂದರೆ ಇಂಗ್ಲಿಷಿನಲ್ಲಿ ಒಂದಕ್ಷರವಷ್ಟೇ ನಷ್ಟ. ಕನ್ನಡದಲ್ಲಾದರೋ ಒತ್ತುಗಳೆಲ್ಲ ಮಾಯವಾಗಿ 'ಕನ್ನಡ'ವೇ 'ಕನನಡ'ವಾಗಿ ಕುಳಿತುಕೊಳ್ಳುತ್ತದೆ. ತಂತ್ರಾಂಶವನ್ನು ಮತ್ತೆ ಮತ್ತೆ ಅಳಿಸಿ ಹಾಕುವ ಮುನ್ನ ಆ ಕೀಲಿಯನ್ನು ಇಂಗ್ಲಿಷಿನಲ್ಲಿ ಒತ್ತಿ ನೋಡಿದರೆ ಸತ್ಯವು ಹೊರಬೀಳುವುದು.

ಚಹಾ ಚೆಲ್ಲಿದ ಕೀಲಿಮಣೆಗೆ ಆತುರದ ಚಿಕಿತ್ಸೆ ಸಲ್ಲದು. ತಕ್ಷಣ ಸ್ವಿಚ್ಚನ್ನು ಆರಿಸಿ, ಕೋಶಗಳನ್ನು ತೆಗೆದು, ಮಗುಚಿ ಹಾಕಿ, ನೆರಳಿನಲ್ಲಿ ಎರಡು ದಿನ ಒಣಗಲು ಬಿಡಬೇಕು. ಕೀಲಿಗಳನ್ನು ಒಳಗೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಜಾಲದಂತೆ ಹೆಣೆದಿರುತ್ತಾರೆ. ಒಂದು ಸಾಲಿನ ಗೆರೆ ತುಂಡಾದರೆ ಪರಸ್ಪರ ಸಂಬಂಧವೇ ಇಲ್ಲದಂತೆ ಕಾಣುವ ಹಲವು ಅಕ್ಷರಗಳು ಒಟ್ಟಿಗೆ ಸಾಯುತ್ತವೆ. ಒಣಗಿದ ಮೇಲೂ ಅವು ಏಳದಿದ್ದರೆ ಮನೆಮದ್ದಿನ ಎಲ್ಲೆ ಮೀರಿತೆಂದು ಅರ್ಥ.

ಎಲ್ಲಕ್ಕಿಂತ ದೊಡ್ಡ ನಷ್ಟವು ಗುಪ್ತಪದದ ಬಳಿ ಕಾದಿರುತ್ತದೆ. ಅಲ್ಲಿ ಅಕ್ಷರಗಳ ಬದಲು ಚುಕ್ಕೆಗಳೇ ಕಾಣುವುದರಿಂದ, ನಡುವೆ ಒಂದಕ್ಷರ ನುಂಗಿಹೋದುದು ತಿಳಿಯದು. ನೆನಪನ್ನು ಹಳಿಯುತ್ತ ಮೂರು ನಾಲ್ಕು ಸಲ ಪ್ರಯತ್ನಿಸಿದರೆ ಬ್ಯಾಂಕಿನ ಖಾತೆಯೇ ಬೀಗ ಹಾಕಿಕೊಳ್ಳಬಹುದು. ಸಂಶಯ ಬಂದೊಡನೆ ನಿಲ್ಲಿಸಿ, ಮೌಸಿನಿಂದ ಪರದೆಯ ಮೇಲಿನ ಕೀಲಿಮಣೆಯನ್ನು ತೆರೆಯಬೇಕು. ವಿಂಡೋಸಿನ ಪ್ರವೇಶದ ಪುಟದಲ್ಲಿಯೂ ಬಲಗಡೆಯ ಕೆಳಮೂಲೆಯ ಚಿಹ್ನೆಯೊಂದರ ಒಳಗೆ ಅದು ದೊರೆಯುತ್ತದೆ. ಇನ್ನೊಂದು ಎಚ್ಚರಿಕೆ: ಎಂಟು ತಯಾರಕರ ಅಗ್ಗದ ಕೀಲಿಮಣೆಗಳು ಅಕ್ಷರಗಳನ್ನು ಗೂಢಲಿಪಿಯಿಲ್ಲದೆ ಬಯಲಿಗೆ ಬಿಡುತ್ತಿದ್ದುದನ್ನು ಬ್ಯಾಸ್ಟಿಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟರು. 250 ಅಡಿಗಳ ಆಚೆಗೂ ಅವನ್ನು ಕದ್ದು ಕೇಳಬಹುದಾಗಿತ್ತು. ಹೊಸದನ್ನು ಕೊಳ್ಳುವವರು ಬೆಲೆಯ ಜೊತೆಗೆ ಗೂಢಲಿಪಿಯ ರಕ್ಷಣೆಯಿದೆಯೇ ಎಂದೂ ವಿಚಾರಿಸುವುದು ಲೇಸು.

ಹೊಸ ಕೋಶಗಳೊಡನೆ, ತನ್ನದೇ ರಿಸೀವರಿನೊಡನೆ, ನೆರೆಮನೆಯ ಕಂಪ್ಯೂಟರಿನಲ್ಲಿಯೂ ಬಾಯಿ ಬಿಡದ ಕೀಲಿಮಣೆಯು ನಿಜಕ್ಕೂ ಕೆಟ್ಟಿದೆ. ಅಲ್ಲಿ ಮಾತನಾಡಿದರೆ ಮನೆಯ ಯಂತ್ರವನ್ನೇ ಪರೀಕ್ಷಿಸಬೇಕು. ಈ ತೀರ್ಪಿಗೆ ಕಾಲು ಗಂಟೆ ಸಾಕು. ಆದರೆ ಅರ್ಜಿಯ ಕಡೆಯ ದಿನದಂದು ಆ ಕಾಲು ಗಂಟೆಯೂ ದುಬಾರಿ. ತಂತಿಯುಳ್ಳ ಹಳೆಯ ಕೀಲಿಮಣೆಯೊಂದನ್ನು ಅಟ್ಟದ ಮೇಲೆಸೆಯದೆ ಮೇಜಿನ ಖಾನೆಯಲ್ಲಿಟ್ಟುಕೊಂಡವರು ಅಂದು ಅದನ್ನು ಸಿಕ್ಕಿಸಿ ಅರ್ಜಿಯನ್ನು ಮೊದಲು ಕಳುಹಿಸುವರು. ರೋಗದ ವಿಚಾರಣೆಯನ್ನು ಮರುದಿನ ಬೆಳಿಗ್ಗೆ ಸಾವಧಾನವಾಗಿ ನಡೆಸುವರು.