ವಾರಂಟಿ ನೋಡಿ ಕಾರು ಕೊಳ್ಳೋದಾ?

ಕಳೆದ ಭಾನುವಾರ ಬೆಳಿಗ್ಗೆ ದೋಸೆ ಹಂಚು ಒಲೆ ಮೇಲಿಟ್ಟಿದ್ದೆ, ವಾರಗಿತ್ತಿಯ ಫೋನ್ ಬಂತು. ‘ಅಕ್ಕಾ, ನಮ್ಮನೇಲಿ ಕಾರಿನ ಗಲಾಟೆ ಶುರುವಾಗಿದೆ. ಇವರು ಒಂದು ಕಾರು ಅಂತಾರೆ, ಮಗ ಇನ್ನೊಂದು ಅಂತಾನೆ. ಇವರು ಹೇಳೋ ಕಾರಿಗೆ ವಾರಂಟಿ ಜಾಸ್ತಿಯಂತೆ. ಅಷ್ಟು ವರ್ಷ ಚಿಂತೆಯಿಲ್ಲ, ಕಣ್ಣು ಮುಚ್ಚಿ ತಗೊಳ್ಳೋಣ ಅಂತ ಇವರ ಹಟ. ನೀವೇನಂತೀರಿ?’

ದೋಸೆ ಸೀದು ಹೋಯ್ತು. ಆದ್ರೆ ಪ್ರಶ್ನೆ ತಲೆಯಲ್ಲೇ ಉಳೀತು. ಮನೆ ಬಿಟ್ಟರೆ ನಮ್ಮಂಥ ಮಧ್ಯಮ ವರ್ಗದವರು ಮಾಡೋ ಅತಿ ದೊಡ್ಡ ಖರ್ಚು ಕಾರು. ಹತ್ತು ಹದಿನೈದು ಲಕ್ಷ ಅಂದ್ರೆ ಹುಡುಗಾಟವೇ? ಐದೋ ಏಳೋ ವರ್ಷ ಕಂತು ಕಟ್ಟಬೇಕು. ‘ಕೆಟ್ಟರೆ ನಾವಿದ್ದೀವಿ’ ಅಂತ ಕಂಪನಿಯವರು ಹೇಳಿದರೆ ಸಮಾಧಾನ ಆಗೋದು ಸಹಜ. ವಾರಂಟಿ ನೋಡಲೇಬಾರದು ಅಂತ ನಾನು ಹೇಳ್ತಿಲ್ಲ. ಆದರೆ ವರ್ಷಗಳ ಸಂಖ್ಯೆಯನ್ನಷ್ಟೇ ನೋಡಿ ಕಾರು ಆರಿಸೋದು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮನೆಯ ಐದು ವರ್ಷದ ವಾರಂಟಿ

ಮೊದಲು ನಮ್ಮದೇ ಕತೆ. ಕೆಲವು ವರ್ಷದ ಹಿಂದೆ ನಾವೂ ವಾರಂಟಿಗೇ ಮರುಳಾಗಿ ಕಾರು ತಗೊಂಡೆವು. ಇನ್ನೊಂದಿಷ್ಟು ದುಡ್ಡು ಕಟ್ಟಿದರೆ ಐದು ವರ್ಷ ಆಗುತ್ತೆ ಅಂದರು, ಕಟ್ಟಿದೆವು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಮೂರನೇ ವರ್ಷ ನಮ್ಮತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆ, ಆಪರೇಷನ್, ಫಿಸಿಯೋಥೆರಪಿ ಅಂತ ನಾಲ್ಕು ತಿಂಗಳು ಯಾರಿಗೂ ಬೇರೆ ಯೋಚನೆಯೇ ಇಲ್ಲ. ಜೂನ್‌ನಲ್ಲಿ ಆಗಬೇಕಿದ್ದ ಸರ್ವಿಸ್ ಅಕ್ಟೋಬರಿಗೆ ಆಯ್ತು. ಅವತ್ತು ಯಾರೂ ಏನೂ ಅನ್ನಲಿಲ್ಲ. ನಗುನಗುತ್ತಾ ಬಿಲ್ ಕೊಟ್ಟರು.

ಮುಂದಿನ ಮಾರ್ಚ್‌ನಲ್ಲಿ ಎ.ಸಿ. ಕೆಟ್ಟಿತು. ಕಂಪ್ರೆಸರ್ ಹೋಗಿದೆ ಅಂದರು. ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿ ಹೋದರೆ ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, ‘ಸರ್, ಒಂದು ಸರ್ವಿಸ್ ಟೈಮಿಗೆ ಆಗಿಲ್ಲ. ಕ್ಲೇಮ್ ಪಾಸ್ ಆಗಲ್ಲ’ ಅಂದ. ಎಷ್ಟು ಗೋಗರೆದರೂ ಅಷ್ಟೇ. ಸರ್ವಿಸ್ ತಡ ಆಗಿದ್ದಕ್ಕೂ ಕಂಪ್ರೆಸರ್ ಕೆಟ್ಟಿದ್ದಕ್ಕೂ ಏನು ಸಂಬಂಧ ಅಂತ ಯಾರೂ ವಿವರಿಸಲಿಲ್ಲ. 28 ಸಾವಿರ ರೂಪಾಯಿ ಕೈಯಿಂದ ಕಟ್ಟಿ ಬಂದೆವು. ಕಾಗದದ ಮೇಲಿದ್ದ ಐದು ವರ್ಷ ನಮ್ಮ ಪಾಲಿಗೆ ಮೂರು ವರ್ಷವೂ ಬಾಳಲಿಲ್ಲ.

ಅವತ್ತು ರಾತ್ರಿ ನಮ್ಮವರು ಹೇಳಿದ ಮಾತು ಇವತ್ತಿಗೂ ಮರೆತಿಲ್ಲ: ‘ನೀನಾದ್ರೂ ನೆನಪು ಮಾಡಬಾರದಿತ್ತಾ?’ ಕಾರು ಕೊಳ್ಳುವಾಗ ನನ್ನನ್ನು ಕೇಳಿದ್ದು ಬಣ್ಣ ಒಂದನ್ನೇ. ಆದರೆ ತಪ್ಪಿದ ಸರ್ವಿಸ್ ಮಾತ್ರ ನನ್ನ ಖಾತೆಗೆ! ಹೀಗೆ ನಿಮ್ಮನೇಲೂ ಆಗಿರಬಹುದು, ಅಲ್ವೇ?

ಒಂದೇ ಕಾರು, ಎರಡು ವಾರಂಟಿ

ವಾರಂಟಿ ಉದ್ದ ಇದ್ದರೆ ಕಾರು ಗಟ್ಟಿ ಅಂತ ಬಹಳ ಜನರ ನಂಬಿಕೆ. ಇದಕ್ಕೆ ನಮ್ಮ ಬೆಂಗಳೂರಿನ ಪಕ್ಕದ ಒಂದು ಉದಾಹರಣೆ ಕೊಡ್ತೀನಿ. 2022ರಲ್ಲಿ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಅರ್ಬನ್ ಕ್ರೂಸರ್ ಹೈರೈಡರ್ ಅಂತ ಎರಡು ಕಾರು ಬಂದವು. ಎರಡು ಕಂಪನಿ ಸೇರಿ ಮಾಡಿದ, ಬಹುಮಟ್ಟಿಗೆ ಅವಳಿಜವಳಿ ಕಾರುಗಳು. ಎರಡೂ ತಯಾರಾಗಿದ್ದು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ. ಆದರೆ ಟೊಯೊಟಾ ಹೆಸರಿನ ಕಾರಿಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ, ಮಾರುತಿ ಹೆಸರಿನದಕ್ಕೆ 2 ವರ್ಷ ಅಥವಾ 40 ಸಾವಿರ ಕಿಲೋಮೀಟರ್!

2024ರ ಜುಲೈನಲ್ಲಿ ಮಾರುತಿಯವರೂ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿದರು. ಒಳ್ಳೆಯದೇ ಆಯ್ತು. ಆದರೆ ಹಿಂದಿನ ತಿಂಗಳು ತಗೊಂಡವರ ಕಾರಿಗೂ ಆ ತಿಂಗಳು ತಗೊಂಡವರ ಕಾರಿಗೂ ಎಂಜಿನ್‌ನಲ್ಲಿ ವ್ಯತ್ಯಾಸ ಆಗಿಬಿಡ್ತಾ? ಇಲ್ಲವಲ್ಲ. ಬದಲಾಗಿದ್ದು ಕಂಪನಿಯ ವ್ಯಾಪಾರದ ಲೆಕ್ಕಾಚಾರ.

ಅಮೆರಿಕದಲ್ಲೂ ಹೀಗೇ ಆಗಿತ್ತು. ಹ್ಯುಂಡೈ ಕಾರುಗಳ ಗುಣಮಟ್ಟದ ಬಗ್ಗೆ ಅಲ್ಲಿನ ಜನರಿಗೆ ಅಷ್ಟು ನಂಬಿಕೆ ಇಲ್ಲದಿದ್ದ ಕಾಲದಲ್ಲಿ, 1998ರಲ್ಲಿ, ಆ ಕಂಪನಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಭಾಗಗಳಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಘೋಷಿಸಿತು. ಆ ಮಾತು ಉಳಿಸಿಕೊಳ್ಳಲು ಗುಣಮಟ್ಟವನ್ನೂ ಸುಧಾರಿಸಿಕೊಳ್ಳಬೇಕಾಯ್ತು. ಅಂದರೆ ದೊಡ್ಡ ವಾರಂಟಿ ಕೆಲವೊಮ್ಮೆ ಹೊಸಬರು ನಂಬಿಕೆ ಗಳಿಸೋಕೆ ಇಡುವ ಹೆಜ್ಜೆ. ಅದು ಕೆಟ್ಟದ್ದಲ್ಲ. ಆದರೆ ಅದನ್ನೇ ಕಾರಿನ ಗುಣದ ಸರ್ಟಿಫಿಕೇಟ್ ಅಂದುಕೊಳ್ಳಬಾರದು.

‘ಯಾವುದು ಮೊದಲೋ ಅದು’

ವಾರಂಟಿಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ ಇರುತ್ತೆ. ವರ್ಷ ಒಂದು, ಕಿಲೋಮೀಟರ್ ಇನ್ನೊಂದು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಯಾವುದು ಮೊದಲೋ ಅದು’ ಅಂತ ಬರೆದಿರುತ್ತೆ. ಈ ಮೂರು ಪದದಲ್ಲೇ ಎಲ್ಲ ಇದೆ.

ನಿಮ್ಮ ಕಾರು ಮಕ್ಕಳ ಟ್ಯೂಷನ್, ತರಕಾರಿ ಮಾರ್ಕೆಟ್, ಮದುವೆ ಮುಂಜಿ ಅಂತ ಊರೊಳಗೇ ಓಡುತ್ತೆ ಅಂದುಕೊಳ್ಳಿ. ವರ್ಷಕ್ಕೆ 8 ಸಾವಿರ ಕಿಲೋಮೀಟರ್ ಆದೀತು. ಮೂರು ವರ್ಷಕ್ಕೆ 24 ಸಾವಿರ. ಒಂದು ಲಕ್ಷ ಮುಟ್ಟೋಕೆ ಹನ್ನೆರಡೂವರೆ ವರ್ಷ ಬೇಕು! ನಿಮಗೆ ಆ ‘1 ಲಕ್ಷ’ದಿಂದ ಪ್ರಯೋಜನ ಇಲ್ಲ, ವರ್ಷದ ಸಂಖ್ಯೆಯೇ ಮುಖ್ಯ.

ತವರುಮನೆ ಶಿವಮೊಗ್ಗದಲ್ಲಿದ್ದು, ತಿಂಗಳಿಗೆ ಎರಡು ಸಲ ಹೋಗಿಬರುವವರ ಲೆಕ್ಕವೇ ಬೇರೆ. ಬೆಂಗಳೂರಿಂದ ಒಂದು ಕಡೆಗೆ ಸುಮಾರು 300 ಕಿಲೋಮೀಟರ್. ಊರಿನ ಓಡಾಟವೂ ಸೇರಿದರೆ ವರ್ಷಕ್ಕೆ 22 ಸಾವಿರ ದಾಟುತ್ತೆ. ಇಂಥವರಿಗೆ 40 ಸಾವಿರದ ಮಿತಿ ಇದ್ದಿದ್ದರೆ ಎರಡು ವರ್ಷ ತುಂಬೋ ಮೊದಲೇ ವಾರಂಟಿ ಖಲಾಸ್. ಅವರು ನೋಡಬೇಕಾದ್ದು ಕಿಲೋಮೀಟರನ್ನು. ಈಗಿರುವ ಕಾರಿನ ಮೀಟರ್ ನೋಡಿ, ಅದನ್ನು ಕೊಂಡು ಎಷ್ಟು ವರ್ಷ ಆಯ್ತೋ ಅದರಿಂದ ಭಾಗಿಸಿ. ನಿಮ್ಮನೆ ಲೆಕ್ಕ ಎರಡೇ ನಿಮಿಷದಲ್ಲಿ ಸಿಗುತ್ತೆ.

ಮಿಕ್ಸಿ ಪಾಠ ನೆನಪಿರಲಿ

ಮಿಕ್ಸಿ ತಗೊಂಡಾಗ ಮೋಟಾರಿಗೆ ಐದು ವರ್ಷ ವಾರಂಟಿ ಅಂತಾರೆ. ಬ್ಲೇಡ್ ಮೊಂಡಾದರೆ, ಜಾರ್‌ನ ರಬ್ಬರ್ ಹೋದರೆ ನಾವೇ ದುಡ್ಡು ಕೊಟ್ಟು ಹಾಕಿಸ್ತೀವಿ. ಕಾರಿನ ಕತೆಯೂ ಅದೇ. ವಾರಂಟಿ ಇರೋದು ತಯಾರಿಕೆಯ ದೋಷಕ್ಕೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್, ಆಯಿಲ್ ಇವೆಲ್ಲ ಸವೆಯುವ ಸಾಮಾನು. ಇವು ನಮ್ಮ ಜೇಬಿನದೇ. ಟೈರು ಮತ್ತು ಮಾಮೂಲಿ ಬ್ಯಾಟರಿಗೆ ಅವುಗಳನ್ನು ತಯಾರಿಸಿದ ಕಂಪನಿಯ ವಾರಂಟಿ ಬೇರೆ ಇರುತ್ತೆ. ಇಲಿ ವೈರ್ ಕಡಿದರೆ ಕಾರು ಕಂಪನಿ ಹೊಣೆಯಲ್ಲ.

ಮಳೆ ನೀರಿನ ವಿಷಯವಂತೂ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಕಾರುಗಳು ನೀರಲ್ಲಿ ಮುಳುಗಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಎಂಜಿನ್‌ಗೆ ನೀರು ಹೊಕ್ಕು ಕೆಟ್ಟರೆ ವಾರಂಟಿ ಕೆಲಸಕ್ಕೆ ಬರಲ್ಲ. ಅದಕ್ಕೆ ವಿಮೆಯೇ ಬೇಕು, ಅದರಲ್ಲೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ. ತಗ್ಗು ಪ್ರದೇಶದಲ್ಲಿ ಮನೆ ಇರುವವರು ಹೆಚ್ಚುವರಿ ವಾರಂಟಿಗಿಂತ ಮೊದಲು ಇದಕ್ಕೆ ದುಡ್ಡು ಹಾಕೋದು ಜಾಣತನ.

ಹಾಗಾದ್ರೆ ಯಾವಾಗ ನೋಡಬೇಕು?

ಮೊದಲು ನೋಡಬೇಕಾದ್ದು ಸುರಕ್ಷತೆ. 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಅನ್ನೋ ಅಪಘಾತ ಪರೀಕ್ಷೆ ಜಾರಿಯಲ್ಲಿದೆ. ಪರೀಕ್ಷೆಗೆ ಒಳಪಟ್ಟ ಕಾರುಗಳಿಗೆ ಐದರವರೆಗೆ ಸ್ಟಾರ್ ಕೊಡ್ತಾರೆ, ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ. ಎರಡನ್ನೂ ಕೇಳಿ. ಎರಡನೆಯದು ಅನುಕೂಲ. ಮಂಡಿನೋವಿರುವ ಅತ್ತೆ ಮಾವ ಸಲೀಸಾಗಿ ಹತ್ತಿ ಇಳಿಯಬಹುದಾ? ಹಿಂದಿನ ಸೀಟಲ್ಲಿ ಮೂವರು ಕೂರಬಹುದಾ? ಶೋರೂಮಿಗೆ ಅವರನ್ನೂ ಕರ್ಕೊಂಡು ಹೋಗಿ ಕೂರಿಸಿ ನೋಡಿ. ಮೂರನೆಯದು ಸರ್ವಿಸ್ ಸೆಂಟರ್ ಮನೆಗೆಷ್ಟು ದೂರ ಅನ್ನೋದು. ಎಷ್ಟೇ ದೊಡ್ಡ ವಾರಂಟಿ ಇದ್ದರೂ ಸೆಂಟರ್ ಊರಾಚೆ ಇದ್ದರೆ, ಒಂದಲ್ಲ ಒಂದು ಸರ್ವಿಸ್ ತಪ್ಪಿಯೇ ತಪ್ಪುತ್ತೆ. ಆಮೇಲೆ ನಮ್ಮ ಕಂಪ್ರೆಸರ್ ಕತೆಯೇ.

ಇದೆಲ್ಲದರಲ್ಲೂ ಎರಡು ಕಾರು ಸರಿಸಮ ಅನ್ನಿಸಿದರೆ, ಆಗ ವಾರಂಟಿ ಹೆಚ್ಚಿರುವುದನ್ನೇ ಆರಿಸಿ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ, ಆಟೋಮ್ಯಾಟಿಕ್ ಗೇರಿನ ಕಾರು ಕೊಳ್ಳುವವರಿಗೆ ಅದರ ಉಪಯೋಗ ಹೆಚ್ಚು, ಯಾಕೆಂದರೆ ಅಂಥ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಬಲು ದುಬಾರಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ದೊಡ್ಡ ಬ್ಯಾಟರಿಯ ವಾರಂಟಿಯನ್ನು ಪ್ರತ್ಯೇಕವಾಗಿ ಕೇಳಲೇಬೇಕು. 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಕೊಡುವ ಕಂಪನಿಗಳಿವೆ. ನಾಲ್ಕೈದು ವರ್ಷಕ್ಕೆ ಮಾರುವವರು, ಉಳಿದ ವಾರಂಟಿ ಮುಂದಿನ ಮಾಲೀಕರಿಗೆ ವರ್ಗವಾಗುತ್ತಾ ಅಂತ ವಿಚಾರಿಸಿ. ಆದರೆ ಮಾರುವಾಗ ಬೆಲೆ ಸ್ವಲ್ಪ ಹೆಚ್ಚು ಕೇಳಬಹುದು.

ಹಣ ಕೊಟ್ಟು ವಿಸ್ತರಿಸುವ ವಾರಂಟಿ ತಗೊಳ್ಳೋದಾದರೆ, ಅದು ಕಾರು ಕಂಪನಿಯದೋ ಡೀಲರ್ ಕಟ್ಟಿಸುವ ಬೇರೆ ಯಾರದೋ ಯೋಜನೆಯೋ ಅಂತ ತಿಳ್ಕೊಳ್ಳಿ. ಶೋರೂಮಿನ ಗಡಿಬಿಡಿಯಲ್ಲಿ ಸಹಿ ಹಾಕಬೇಡಿ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲು ತಗೊಳ್ಳೋ ಅವಕಾಶ ಇರುತ್ತೆ, ತಡ ಆದಷ್ಟೂ ಬೆಲೆ ಏರಬಹುದು. ಕೊನೆಯ ದಿನಾಂಕ ಯಾವುದು, ಅಷ್ಟರೊಳಗೆ ಬೆಲೆ ಎಷ್ಟಾಗುತ್ತೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಇದು ನಮ್ಮ ಕೈಲಿರೋದು

* ಡೆಲಿವರಿ ದಿನವೇ ಮುಂದಿನ ಸರ್ವಿಸ್ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಜಮಾನರ ಮೊಬೈಲಿನಲ್ಲೂ ಹಾಕಿಸಿ. ಜವಾಬ್ದಾರಿ ಇಬ್ಬರದ್ದೂ ಆಗಲಿ.

* ಪ್ರತಿ ಸರ್ವಿಸ್ ಬಿಲ್ಲನ್ನೂ ಒಂದೇ ಫೈಲಿನಲ್ಲಿಡಿ, ಫೋಟೋ ತೆಗೆದೂ ಇಟ್ಟುಕೊಳ್ಳಿ.

* ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತನ್ನು ಭಾರತೀಯ ಸ್ಪರ್ಧಾ ಆಯೋಗ 2014ರ ಆದೇಶವೊಂದರಲ್ಲಿ ಒಪ್ಪಿರಲಿಲ್ಲ. ಆದರೂ ವಾರಂಟಿ ಇರೋವರೆಗೆ ಅಧಿಕೃತ ಸೆಂಟರಿಗೇ ಹೋದರೆ ತಕರಾರಿಗೆ ಆಸ್ಪದ ಇರಲ್ಲ. ಹೊಸ ಹಾರ್ನ್, ಲೈಟ್ ಅಂತ ಹೊರಗೆ ವೈರ್ ಕತ್ತರಿಸೋದಂತೂ ಬೇಡ.

* ಕ್ಲೇಮ್ ಆಗಲ್ಲ ಅಂದರೆ ಕಾರಣವನ್ನು ಲಿಖಿತವಾಗಿ ಕೇಳಿ. ನಾವು ಅವತ್ತು ಕೇಳಲಿಲ್ಲ, ಅದೇ ದೊಡ್ಡ ತಪ್ಪು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು ಅನ್ನೋದು ನೆನಪಿರಲಿ.

ಇಷ್ಟನ್ನೂ ವಾರಗಿತ್ತಿಗೆ ಹೇಳಿದೆ. ಕಾರಿನ ವಿಷಯ ಗಂಡಸರದ್ದು ಅಂತ ನಾವೇ ಸುಮ್ಮನಾಗಿಬಿಡ್ತೀವಿ. ಆದರೆ ಕಾರಿನ ಕಂತು ಕಟ್ಟೋಕೆ ಮನೆ ಖರ್ಚಿನಲ್ಲಿ ಕೈ ಬಿಗಿ ಮಾಡೋರು ನಾವೇ, ಕಾಗದಪತ್ರ ಜೋಪಾನ ಮಾಡೋರೂ ನಾವೇ. ಆ ಮೇಲೆ ‘ನೀನಾದ್ರೂ ನೆನಪು ಮಾಡಬಾರದಿತ್ತಾ’ ಅನ್ನಿಸಿಕೊಳ್ಳೋದಕ್ಕಿಂತ, ಕೊಳ್ಳುವ ದಿನವೇ ಬಾಯಿ ಬಿಟ್ಟು ಕೇಳೋದು ಮೇಲಲ್ವಾ?

ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಗಂಡ ಮಗನ ಜೊತೆ ತಾನೂ ಶೋರೂಮಿಗೆ ಹೋಗಿ, ವಾರಂಟಿ ಪುಸ್ತಕ ಮೊದಲೇ ಕೊಡಿ ಅಂತ ಕೇಳಿದಳಂತೆ. ಸೇಲ್ಸ್ ಹುಡುಗ ನಕ್ಕು, ‘ಮೇಡಂ, ಅದನ್ನ ಯಾರೂ ಓದಲ್ಲ’ ಅಂದನಂತೆ.

‘ನಾನು ಓದ್ತೀನಪ್ಪಾ, ಕೊಡು’ ಅಂತ ಇಸ್ಕೊಂಡು ಬಂದಿದ್ದಾಳೆ. ಯಾವ ಕಾರು ಅಂತ ಇನ್ನೂ ತೀರ್ಮಾನ ಆಗಿಲ್ಲ. ಓದಿ ಮುಗಿಸಿದ ಮೇಲೆ ಹೇಳ್ತಾಳಂತೆ.