ಮೊದಲ ಹೆಸರ ಹೇಳ್ರಿ

ಹೋದ ಹಂಗಾಮಿನ್ಯಾಗ ನಮ್ಮ ಚಿಕ್ಕೋಡಿ ಮನ್ಯಾಗ ಕುಂತು, ಪುಕ್ಕಟ ಸಿಗೋ ಒಂದ ಗಣಿತದ ಸಾಫ್ಟ್‌ವೇರಿನ್ಯಾಗ ಕಬ್ಬಿನ ಲೆಕ್ಕಾ ಹಾಕಿದ್ನಿ. ಮೂರ ಟ್ರಾಲಿ: 11, 12, 9 ಟನ್. ಇಂಗ್ಲಿಷ್ ಅಕ್ಷರದಾಗ 'ಒಟ್ಟು' ಅಂತ ಹೆಸರ ಇಟ್ಟು ಒಂದೊಂದ ಕೂಡಿಸಿಕೋತ ಹೋದೆ. ಮೂರನೇ ಸಾಲಿನ್ಯಾಗ ಒಂದ 'ಟಿ' ಬಿಟ್ಟು 'ಒಟು' ಆತು. ಯಂತ್ರ ಏನೂ ಕೇಳಲಿಲ್ಲ, 'ಒಟು' ಅಂತ ಹೊಸಾ ಡಬ್ಬಿ ಇಟ್ಟು ಸುಮ್ಮನಾತು. 'ಒಟ್ಟು' 23ರ ಮ್ಯಾಲೇ ನಿಂತಿತು.

ಕಡಿಯೋ ಗ್ಯಾಂಗಿಗೆ ಕೂಲಿ ಟನ್ನಿನ ಲೆಕ್ಕದಾಗ. ಮುಕಾದಮ 32 ಅಂದಾ. "ಒಂಬತ್ತ ಟನ್ ಎಲ್ಲಿಂದ ತಂದ್ಯೋ?" ಅಂತ ನಾಕ ಮಂದಿ ಮುಂದ ಕೇಳಿಬಿಟ್ಟೆ. ರಾತ್ರಿ ತಪ್ಪ ಕಂಡಿತು. ಮರದಿನಾ ರೊಕ್ಕಾ ಕೊಟ್ಟೆ, ಆಡಿದ ಮಾತ ತಿರುಗಿ ಬರಲಿಲ್ಲ.

ಅದಕ್ಕ ಅಂತೀನಿ, ಬಳಸೂಕಿಂತ ಮೊದಲ ಹೆಸರ ಹೇಳಬೇಕು. ಸಾಲ್ಯಾಗ ಮಾಸ್ತರ "ಎಕ್ಸ್ ಇರಲಿ" ಅನ್ನದ ಮುಂದ ಹೋಗತಿದ್ದಿಲ್ಲ; ನಿಪ್ಪಾಣಿ ಕಡೆ ಮರಾಠಿ ಸಾಲ್ಯಾಗ "ಕ್ಷ ಮಾನೂ". ಭಾಸ್ಕರಾಚಾರ್ಯನೂ ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ ಅಂತ ಹೆಸರ ಇಟ್ಟೇ ಲೆಕ್ಕಾ ಬಿಡಿಸಿದಾ. ಸೇಜ್‌ನ್ಯಾಗ ಎಕ್ಸ್ ಒಂದ ತಯಾರ ಇರತೈತಿ, ಬೇರೆ ಅವ್ಯಕ್ತ ಬೇಕಾದ್ರ 'ವಾರ್' ಅಂತ ಮೊದಲ ಹೇಳಬೇಕು. ಹಳೇ ಫೋರ್ಟ್ರಾನ್ ಹೇಳದ ಹೆಸರಿನ ಜಾತಿ ತಾನೇ ಊಹಿಸತಿತ್ತು. ಅದನ್ನ ಬಂದ್ ಮಾಡೋ 'ಇಂಪ್ಲಿಸಿಟ್ ನನ್' ಫೋರ್ಟ್ರಾನ್ 90 ಮಾನಕದಾಗ ಬಂತು.

ಒಂದ ಸಾಲಿನ ಲೆಕ್ಕಕ್ಕ ಇದು ಕಟಕಟಿ ಅಂತೀರಿ. ಖರೆ, ಅಲ್ಲಿ ಬ್ಯಾಡ. ಆದ್ರ ಮಂದಿ ಕೂಲಿ ಕೂತ ಲೆಕ್ಕದಾಗ ಯಂತ್ರ "ಇದ್ಯಾರ?" ಅಂತ ಒಮ್ಮೆ ಕೇಳಲಿ ನೋಡ್ರಿ. ನನಗ ಕೇಳಿದ್ರ, ನಾ ಮುಕಾದಮಗ ಕೇಳತಿದ್ದಿಲ್ಲ.