ಅರವತ್ತು ಗಜದ ಗೆರೆ

ಬಿಲ್ಲು ಬಾಣ ಅಂದ ತಕ್ಷಣ ನಮ್ಮವರು ಅರ್ಜುನ, ಮರದ ಮೇಲಿನ ಹಕ್ಕಿ, ಹಕ್ಕಿಯ ಕಣ್ಣು ಅಂತ ಶುರು ಹಚ್ಕೋತಾರೆ. ಆ ಕಥೆ ಬಿಡಿ. ನನ್ನ ಹತ್ರ ಇರೋದು ಕಾಂಪೌಂಡ್ ಬಿಲ್ಲು. ಎರಡೂ ತುದಿಗೆ ರಾಟೆ, ದಾರದ ಮಧ್ಯೆ ಕಣ್ಣಿಟ್ಟು ನೋಡೋಕೆ ಒಂದು ಪುಟ್ಟ ತೂತು, ಹಿಡಿಯ ಮುಂದೆ ಸೈಟು. ಮಿಶಿಗನ್ನಿನ ಚಳಿಗಾಲದಲ್ಲಿ ಮನೆಯೊಳಗೇ ಕೂತು ಹುಚ್ಚು ಹಿಡಿಯೋ ಹಾಗಾದಾಗ ಕಲಿತ ವಿದ್ಯೆ ಇದು. ಬಾಣ ಬಿಡೋದು ಫೋಮಿನ ಮೇಲೆ ಮಾತ್ರ. ನಮ್ಮನೇಲಿ ಬೆಳ್ಳುಳ್ಳಿಗೇ ಒಪ್ಪಿಗೆ ಸಿಗೋದು ಕಷ್ಟ, ಇನ್ನು ಜಿಂಕೆ ಎಲ್ಲಿಂದ ಬರಬೇಕು :-)

ಆದರೆ ನನ್ನ ಜೊತೆ ರೇಂಜಿಗೆ ಬರೋ ಹುಡುಗ ಹಾಗಲ್ಲ. ಮಲೆನಾಡಿನವನು. ಅಜ್ಜನ ಕೋವಿ, ಶಿಕಾರಿ ಕಥೆಗಳನ್ನ ಕೇಳಿ ಬೆಳೆದವನು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕಥೆ ಮಾತ್ರ ಉಳೀತು. ಇಲ್ಲಿ ಲೈಸೆನ್ಸ್ ತಗೊಂಡ್ರೆ ಅಕ್ಟೋಬರ್ 1ರಿಂದ ಬಿಲ್ಲಿನಲ್ಲಿ ಜಿಂಕೆ ಹೊಡೆಯಬಹುದು. ಬೇಟೆ ಸರಿಯೋ ತಪ್ಪೋ ಅಂತ ನಾನು ಇವತ್ತು ಬರೀತಾ ಇಲ್ಲ. ಅದಕ್ಕಿಂತ ಸಣ್ಣ ವಿಷಯ, ಸೈಟಿನ ಮೇಲಿನ ಒಂದು ಗೆರೆಯದ್ದು.

2023ರ ಬೇಸಿಗೆಯಲ್ಲಿ ಅವನು ಹೊಸ ಸೈಟು ತಂದ. ಹಳೇದರಲ್ಲಿ ಮೂರು ಪಿನ್ನು ಇದ್ವು, 20, 30, 40 ಗಜಕ್ಕೆ ಒಂದೊಂದು. ಹೊಸದರಲ್ಲಿ ಒಂದೇ ಪಿನ್ನು, ಪಕ್ಕದಲ್ಲಿ ಒಂದು ಚಕ್ರ. ಚಕ್ರ ತಿರುಗಿಸಿದರೆ ಪಿನ್ನು ಕೆಳಗಿಳಿಯುತ್ತೆ, ಪಿನ್ನು ಇಳಿದಷ್ಟೂ ಬಿಲ್ಲು ಮೇಲೆತ್ತಬೇಕು, ಬಾಣ ದೂರ ಹೋಗುತ್ತೆ. ಚಕ್ರಕ್ಕೆ ಅಂಟಿಸೋಕೆ ಅಚ್ಚು ಹಾಕಿದ ಪಟ್ಟಿಗಳ ಒಂದು ಕಂತೆಯೇ ಕೊಟ್ಟಿದ್ದರು. 20ಕ್ಕೆ ಒಂದು ಗುರುತು, 60ಕ್ಕೆ ಒಂದು ಗುರುತು ಮಾಡ್ಕೊಳ್ಳಿ, ಎರಡಕ್ಕೂ ಹೊಂದೋ ಪಟ್ಟಿ ಅಂಟಿಸಿ, ಮಧ್ಯದ್ದೆಲ್ಲಾ ತಾನಾಗೇ ಸರಿಹೋಗುತ್ತೆ ಅನ್ನೋದು ಅದರ ಹಿಂದಿನ ಲೆಕ್ಕ. "ಮಾರಾಯ್ರೆ, ಒಂದು ಭಾನುವಾರ ಕೂತರೆ ಮುಗೀತು" ಅಂದ.

ಒಂದು ಭಾನುವಾರಕ್ಕೆ ಮುಗಿಯೋದಲ್ಲ ಅನ್ನೋದು ನನ್ನ ಮೊದಲನೇ ತಕರಾರು. ಲೆಕ್ಕವೇನೋ ಸರಿಯಾಗೇ ಇದೆ. ಸೆಕೆಂಡಿಗೆ 280 ಅಡಿ ಹೋಗೋ ಬಾಣ 20 ಗಜ ದಾಟುವಷ್ಟರಲ್ಲಿ ಸುಮಾರು 9 ಅಂಗುಲ ಕುಸಿಯುತ್ತೆ, 60 ಗಜಕ್ಕೆ ಆರೂವರೆ ಅಡಿಗಿಂತ ಜಾಸ್ತಿ. ಆದರೆ ಸೈಟು ಅಳೆಯೋದು ಕೋನವನ್ನ, ಹಾಗಾಗಿ ಪಟ್ಟಿಯ ಮೇಲೆ ಗೆರೆಗಳು ಹೆಚ್ಚುಕಮ್ಮಿ ಸಮಾನ ದೂರದಲ್ಲೇ ಬರ್ತವೆ. ಗಾಳಿಯ ತಡೆಯಿಂದ ಬಾಣ ನಿಧಾನ ಆಗೋದ್ರಿಂದ ದೂರ ಹೋದ ಹಾಗೆ ಗೆರೆಗಳ ನಡುವಿನ ಜಾಗ ಸ್ವಲ್ಪ ಸ್ವಲ್ಪ ಅಗಲ ಆಗುತ್ತೆ. ಪಟ್ಟಿ ಮಾಡಿದವರಿಗೆ ಇದೆಲ್ಲಾ ಗೊತ್ತು. ಅವರಿಗೆ ಗೊತ್ತಿಲ್ಲದೆ ಇರೋದು ನಿಮ್ಮ ಕೈ.

ಕಣ್ಣಿನಿಂದ ಪಿನ್ನಿಗೆ ಸುಮಾರು 33 ಅಂಗುಲ ಅಂತಿಟ್ಕೊಳ್ಳಿ. ಪಿನ್ನು ಒಂದು ಮಿಲಿಮೀಟರ್ ಆಚೀಚೆ ಆದರೆ 20 ಗಜದಲ್ಲಿ ಬಾಣ ಎರಡು ಸೆಂಟಿಮೀಟರ್ ತಪ್ಪುತ್ತೆ, ಯಾರಿಗೂ ಗೊತ್ತಾಗಲ್ಲ. 60 ಗಜದಲ್ಲಿ ಅದೇ ಆರೂವರೆ ಸೆಂಟಿಮೀಟರ್. ಹತ್ತಿರದಲ್ಲಿ ಮುಚ್ಚಿಟ್ಟುಕೊಂಡಿದ್ದ ತಪ್ಪುಗಳೆಲ್ಲಾ ದೂರದಲ್ಲಿ ಹೊರಗೆ ಬರ್ತವೆ. ನಮ್ಮ ಹುಡುಗನಿಗೆ 20ರಲ್ಲಿ ನಡುಮಧ್ಯಕ್ಕೆ ಬೀಳ್ತಿದ್ದ ಬಾಣ 40ರಲ್ಲಿ ಸ್ವಲ್ಪ ಎಡಕ್ಕೆ, 60ರಲ್ಲಿ ಇನ್ನೂ ಎಡಕ್ಕೆ ಹೋಗ್ತಿತ್ತು. ಅವನು ಗಾಳಿಗೆ ಬೈದ. ಗಾಳಿ ಇರಲೇ ಇಲ್ಲ. ಪಿನ್ನು ಇಳಿಯೋ ಕಡ್ಡಿ ದಾರಕ್ಕೆ ನೇರವಾಗಿರಲಿಲ್ಲ, ಇಳಿದ ಹಾಗೆ ಪಕ್ಕಕ್ಕೂ ಸರೀತಿತ್ತು. ಗಾರೆ ಕೆಲಸದವರ ತೂಗುಗುಂಡು, ರಸಮಟ್ಟ ಎರಡೂ ತಂದು ಗ್ಯಾರೇಜಿನಲ್ಲಿ ಬಿಲ್ಲನ್ನ ವೈಸಿಗೆ ಕಚ್ಚಿಸಿ ಸರಿ ಮಾಡೋಕೆ ಒಂದು ಸಂಜೆ ಹಿಡೀತು. ಆಮೇಲೆ ಸೈಟಿನೊಳಗಿನ ಪುಟ್ಟ ರಸಮಟ್ಟವನ್ನೂ ಅದಕ್ಕೆ ಹೊಂದಿಸಿದ್ವಿ. ಬಹಳ ಜನ ಈ ಕೆಲಸ ಬಿಟ್ಟೇಬಿಡ್ತಾರೆ.

ಇನ್ನೊಂದು, ಒಂದು ಬಾಣ ನೋಡಿ ಸೈಟು ಮುಟ್ಟೋ ಚಟ. ಬಾಣ ಮೇಲೆ ಬಿತ್ತು ಅಂದ್ರೆ ಸೈಟನ್ನ ಮೇಲಕ್ಕೆ ಸರಿಸಬೇಕು, ಎಡಕ್ಕೆ ಬಿತ್ತು ಅಂದ್ರೆ ಎಡಕ್ಕೆ. (ಹೊಸಬರು ಉಲ್ಟಾ ಮಾಡ್ತಾರೆ, ನಾನೂ ಮಾಡಿದ್ದೆ.) ಆದರೆ ಸರಿಸೋದು ಐದಾರು ಬಾಣ ಬಿಟ್ಟು, ಆ ಗುಂಪಿನ ನಡುಮಧ್ಯ ನೋಡಿ. ಗುಂಡಗಿನ ಚುಕ್ಕಿಗೆ ಗುರಿ ಇಡೋ ಬದಲು ಅಡ್ಡಡ್ಡ ಒಂದು ಟೇಪು ಅಂಟಿಸಿ ಅದಕ್ಕೇ ಹೊಡೀರಿ, ಮೇಲೆ ಕೆಳಗೆ ಅನ್ನೋದು ಚೊಕ್ಕವಾಗಿ ಕಾಣುತ್ತೆ. ಅರವತ್ತು ಬಾಣ ಬಿಟ್ಟು ತೋಳು ಸೋತಮೇಲೆ ಮಾಡಿದ ಗುರುತು ನಂಬಬೇಡಿ. ಮಾರನೇ ದಿನ ಬೆಳಿಗ್ಗೆ ಮೊದಲನೇ ಬಾಣ ಎಲ್ಲಿ ಬೀಳುತ್ತೋ ಅದೇ ನಿಜ. ಇನ್ನು 70, 80 ಅಂತ ಇಳಿಸ್ತಾ ಹೋದ್ರೆ ಬಾಣದ ಗರಿ ಸೈಟಿನ ಬಳೆಗೇ ತಗಲುವ ಅಪಾಯ ಬೇರೆ. ನಮಗೆ 75ರ ಹತ್ತಿರ ಟಕ್ ಅಂತ ಶಬ್ದ ಬಂತು, ಅಲ್ಲಿಗೆ ನಿಲ್ಲಿಸಿದ್ವಿ.

ಆಗಸ್ಟ್ ಕೊನೆಗೆ ಅವನ ಸೈಟು ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, 60 ಗಜದಲ್ಲಿ ಐದು ಬಾಣವೂ ಒಂದು ಊಟದ ತಟ್ಟೆಯೊಳಗೆ. ಅಚ್ಚಿನ ಪಟ್ಟಿ 50ರಲ್ಲಿ ಒಂಚೂರು ತಪ್ಪುತ್ತಿತ್ತು, ಅದನ್ನ ಕಿತ್ತು ಹಾಕಿ ಬಿಳಿ ಪಟ್ಟಿಯ ಮೇಲೆ ನಾನೇ ಸಣ್ಣ ಪೆನ್ನಲ್ಲಿ ಗೆರೆ ಎಳೆದು ಕೊಟ್ಟೆ. 60ರ ಗೆರೆ ಕೆಂಪು ಶಾಯಿಯಲ್ಲಿ. ಹೆಮ್ಮೆಗೆ.

ಅಕ್ಟೋಬರಿನಲ್ಲಿ ಒಂದು ಸಂಜೆ ಫೋನು. 52 ಗಜದಲ್ಲಿ ಮೇಯ್ತಾ ಇದ್ದ ಜಿಂಕೆ, ದೂರ ಅಳೆಯೋ ಯಂತ್ರದಲ್ಲಿ ನೋಡಿ, ಚಕ್ರ ತಿರುಗಿಸಿ, ಬಿಟ್ಟಿದ್ದಾನೆ. ಪಿನ್ನು ಸರಿಯಾದ ಜಾಗದಲ್ಲೇ ಇತ್ತು ಅಂತಾನೆ. ನಂಬ್ತೀನಿ. ಬಾಣ ಹೊರಟಮೇಲೆ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿದೆ. ಪಕ್ಕೆಗೆ ಬೀಳಬೇಕಾದ್ದು ಹೊಟ್ಟೆಗೆ ಬಿತ್ತು. ಹೊಟ್ಟೆಗೆ ಬಿದ್ದರೆ ತಕ್ಷಣ ಹಿಂದೆ ಹೋಗಬಾರದು, ಗಂಟೆಗಟ್ಟಲೆ ಕಾಯಬೇಕು, ಇಲ್ಲದಿದ್ರೆ ಎದ್ದು ಇನ್ನೂ ದೂರ ಓಡುತ್ತೆ ಅಂತ ನಮ್ಮ ಪಕ್ಕದ ಮನೆ ಮುದುಕ ಬೇಟೆಗಾರರು ಹೇಳಿದರು. ಕಾದ್ವಿ. ರಾತ್ರಿ ಮಳೆ ಬಂತು. ಬೆಳಿಗ್ಗೆ ಮೂರೂ ಜನ ಎಲೆ ಎಲೆ ನೋಡ್ತಾ ಮಧ್ಯಾಹ್ನದವರೆಗೆ ನಡೆದ್ವಿ. ರಕ್ತದ ಒಂದು ಹನಿ ಇರಲಿಲ್ಲ. ಜಿಂಕೆ ಸಿಗಲೇ ಇಲ್ಲ. ಅವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೋ, ಆ ಕೆಂಪು ಗೆರೆ ಕಣ್ಣ ಮುಂದೆ.

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. 52 ಗಜ ಅಂದ್ರೆ 156 ಅಡಿ. ಬಾಣಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಬಿಲ್ಲಿನ ದಾರದ ಶಬ್ದ ಸೆಕೆಂಡಿಗೆ 1100 ಅಡಿಯಂತೆ ಹೋಗಿ 0.14 ಸೆಕೆಂಡಿನಲ್ಲಿ ಜಿಂಕೆಯ ಕಿವಿ ಮುಟ್ಟುತ್ತೆ. ಅಂದ್ರೆ ಬಾಣ ತಲುಪೋಕೆ ಮುಂಚೆ ಜಿಂಕೆಗೆ 0.4 ಸೆಕೆಂಡು ಸಮಯ ಇದೆ. ಬೆದರಿದ ಜಿಂಕೆ ನೆಗೆಯೋಕೆ ಅಂತ ಮೊದಲು ಕುಗ್ಗುತ್ತೆ, ಬಾಣ ಮೇಲೆ ಹಾದುಹೋಗುತ್ತೆ. ಬೆದರದೇ ಇದ್ರೂ, ಸುಮ್ಮನೆ ನಡೆಯೋ ಜಿಂಕೆ ಅಷ್ಟರಲ್ಲಿ ಎರಡು ಅಡಿ ಮುಂದೆ ಹೋಗಿರುತ್ತೆ. ದೂರ ಅಂದಾಜು ಮಾಡೋದರಲ್ಲಿ 5 ಗಜ ತಪ್ಪಿದ್ರೆ 60ರಲ್ಲಿ 7 ಅಂಗುಲ ಕೆಳಗೆ. ಇದ್ಯಾವುದನ್ನೂ ಸೈಟು ಸರಿ ಮಾಡೋಕಾಗಲ್ಲ.

"ನಿಂಗೆ ಬೇಟೆ ಗೊತ್ತಿಲ್ಲ, ನನಗೆ 60ರಲ್ಲಿ ಕೈ ಕೂತಿದೆ" ಅನ್ನೋರು ರೇಂಜಿನಲ್ಲಿ ಸಿಗ್ತಾರೆ. ಕೂತಿರಬಹುದು ಸ್ವಾಮಿ. ಒಲಿಂಪಿಕ್ಸಿನಲ್ಲಿ ರಿಕರ್ವ್ ಬಿಲ್ಲಿನವರು 70 ಮೀಟರ್ ಹೊಡೀತಾರೆ, 122 ಸೆಂಟಿಮೀಟರ್ ಅಗಲದ ಕಾಗದಕ್ಕೆ. ಕಾಗದಕ್ಕೆ ಕಿವಿ ಇಲ್ಲ, ಕಾಲಿಲ್ಲ. ತಪ್ಪಿದರೆ ಅಂಕ ಹೋಗುತ್ತೆ, ಅಷ್ಟೇ. ದೂರಕ್ಕೆ ಸೈಟು ಕೂರಿಸಬೇಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಕೂರಿಸಿ. 60ರಲ್ಲಿ ಬೆವರಿದವನಿಗೆ 25 ಗಜ ಆಟದ ಹಾಗಿರುತ್ತೆ. ಆದರೆ ಬೇಸಿಗೆಯ ಪಟ್ಟಿಯನ್ನೇ ಅಕ್ಟೋಬರಿಗೂ ಹೊತ್ತುಕೊಂಡು ಹೋಗೋದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಗೆರೆ ಇದ್ರೆ ಕೈ ಅಲ್ಲಿಗೆ ಹೋಗುತ್ತೆ. ಮೇಲಾಗಿ ಬೇಟೆಯ ಅಗಲ ಅಲಗಿನ ಮೊನೆ ಹಾಕಿದಾಗ ಬಾಣ ಅಭ್ಯಾಸದ ಮೊನೆ ಬಿದ್ದ ಜಾಗಕ್ಕೇ ಬೀಳುತ್ತೆ ಅಂತಲೂ ಇಲ್ಲ. ಬಿಲ್ಲು ಸ್ವಲ್ಪ ಹೊಂದಿಕೆ ತಪ್ಪಿದ್ರೂ ಆ ಅಲಗು ಗಾಳಿಯಲ್ಲಿ ಚುಕ್ಕಾಣಿ ಹಿಡಿದ ಹಾಗೆ ಬಾಣವನ್ನ ಎಳೆದುಬಿಡುತ್ತೆ. ಅದಕ್ಕೆ ಬೇರೆಯಾಗೇ ಹೊಡೆದು ನೋಡಬೇಕು.

ಪಕ್ಕದ ಮನೆಯವರನ್ನ ಕೇಳಿದೆ, ನೀವು ಎಷ್ಟು ದೂರಕ್ಕೆ ಹೊಡೀತೀರಿ ಅಂತ. 25 ಅಂದರು, ನಲವತ್ತು ವರ್ಷದಿಂದ. ಅವರ ಬಿಲ್ಲಿನಲ್ಲಿ ಒಂದೇ ಪಿನ್ನು, ಅಲುಗಾಡದ್ದು.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಹುಡುಗ ಬಿಲ್ಲು ತಂದು ಅಡುಗೆಮನೆ ಮೇಜಿನ ಮೇಲಿಟ್ಟ. "ನೀವೇ ಮಾಡಿಕೊಡಿ ಮಾರಾಯ್ರೆ" ಅಂದ. ಹಳೇ ಪಟ್ಟಿ ಕಿತ್ತು ಹೊಸದು ಅಂಟಿಸಿದೆ. 20, 25, 30. ಅಲ್ಲಿಂದ ಮುಂದೆ ಖಾಲಿ ಬಿಳಿ. ಕೆಂಪು ಗೆರೆಯ ಪಟ್ಟಿ ನನ್ನ ಡ್ರಾಯರಿನಲ್ಲಿದೆ, ಜನವರಿಯಲ್ಲಿ ವಾಪಸ್ ಬಂದು ಇಸ್ಕೊಂಡು ಹೋಗ್ತಾನೆ.